ವಿಳಾಸ ತಿದ್ದಿಸಲು ಬಂದ ಪಾಸ್ಟರ್

ಮದುವೆಯಾಗದೆ, ಮದುವೆ ಮುರಿದು, ಇಲ್ಲವೇ ಸಂಗಾತಿಯನ್ನು ಕಳೆದುಕೊಂಡು ಒಬ್ಬರೇ ಬದುಕುವವರಿಗಾಗಿ ಕನ್ನಡದಲ್ಲಿ ಬರೆದ ಧರ್ಮಗುರುಗಳು ಬಹಳ ಮಂದಿಯಿಲ್ಲ. ನಾನು ಓದಿದವರಲ್ಲಿ ಹೆಚ್ಚಿನವರು ಅಂಥವರಿಗೆ ಎರಡೇ ದಾರಿ ತೋರಿಸಿದ್ದಾರೆ: ಒಂದೋ ಮದುವೆ, ಇಲ್ಲವೇ ವೈರಾಗ್ಯ. ಈ ಎರಡರ ನಡುವೆ, ಬೆಳಿಗ್ಗೆ ಷಿಫ್ಟಿಗೆ ಹೋಗಿ ಸಂಜೆ ತಾವೇ ಹಾಕಿದ ಬೀಗವನ್ನು ತಾವೇ ತೆಗೆದು ಒಳಗೆ ಬರುವ ಸಾವಿರಾರು ಮಂದಿ ಪೀಣ್ಯದ ಕಾರ್ಖಾನೆಗಳ ಸುತ್ತಮುತ್ತ ಇದ್ದಾರೆ. ಅವರಿಗಾಗಿ ಏಳೂವರೆ ವರ್ಷ ಅಂಕಣ ಬರೆದವರು, ಬಾಗಲಗುಂಟೆಯ ಕನ್ನಡ ಕ್ರೈಸ್ತ ಸಭೆಯಲ್ಲಿ ಹದಿಮೂರು ವರ್ಷ ಪಾಲಕರಾಗಿದ್ದು, ಎಂದರೆ ಪಾಸ್ಟರಾಗಿದ್ದು, 2025ರ ಏಪ್ರಿಲ್ 30ರಂದು ನಿವೃತ್ತರಾದ ರೆವರೆಂಡ್ ಎನ್. ಸಿದ್ರಾಮ ಅವರು. ಆ ಅಂಕಣದ 187 ಕಂತುಗಳನ್ನೂ ಅಚ್ಚಿಗೆ ಹೋಗುವ ಮೊದಲು ಓದಿದ ಉಪಸಂಪಾದಕ ನಾನು. ಈ ಲೇಖನ ಬರೆಯಲು ನನಗಿರುವ ಅರ್ಹತೆ ಅಷ್ಟೇ.

ಹುಮನಾಬಾದ್ ತಾಲ್ಲೂಕಿನಲ್ಲಿ 1960ರಲ್ಲಿ ಹುಟ್ಟಿದ ಸಿದ್ರಾಮ ಅವರು ಎರಡು ವರ್ಷ ಶಾಲಾ ಮಾಸ್ತರಾಗಿದ್ದು, 1988ರಲ್ಲಿ ದೀಕ್ಷೆ ಪಡೆದು, ಬೀದರ್ ಮತ್ತು ಕಲಬುರಗಿ ಜಿಲ್ಲೆಗಳ ಸಭೆಗಳಲ್ಲಿ ಇಪ್ಪತ್ನಾಲ್ಕು ವರ್ಷ ಸೇವೆ ಸಲ್ಲಿಸಿದರು. 2012ರ ಜೂನ್‌ನಲ್ಲಿ ಪತ್ನಿ ಶೈಲಾ ಅವರೊಂದಿಗೆ ಬಾಗಲಗುಂಟೆಗೆ ಬಂದಾಗ ಸಭೆಯಲ್ಲಿ 140 ಕುಟುಂಬಗಳಿದ್ದವು. ಹೆಚ್ಚಿನವರು ಆ ಎರಡು ಜಿಲ್ಲೆಗಳಿಂದಲೇ ಕಾರ್ಖಾನೆ ಕೆಲಸಕ್ಕೆ ಬಂದ ಕ್ರೈಸ್ತರು; ಮತ ಬದಲಾದರೂ ಮನೆತನದ ಹಳೆಯ ಹೆಸರುಗಳನ್ನು ಬಿಡದವರು.

ಇನ್ನು ಮುಂದಿನದನ್ನು ಈ ಅಭಿನಂದನ ಗ್ರಂಥದಲ್ಲಿ ಬರೆಯಬೇಕೇ ಎಂದು ಇದನ್ನು ಹೊರತರುತ್ತಿರುವ ಸಮಿತಿಯವರು ಕೇಳಿದರು. ಅದನ್ನು ಬಿಟ್ಟರೆ ಗ್ರಂಥವೇ ಬೇಡ ಎಂದವರು ಸ್ವತಃ ಸಿದ್ರಾಮ ಅವರು. ಆದ್ದರಿಂದ ಬರೆಯುತ್ತಿದ್ದೇನೆ.

ಪಾಲಕರು ವರ್ಷಕ್ಕೊಮ್ಮೆ ಸಭೆಯ ಪ್ರತಿ ಕುಟುಂಬದ ಮನೆಗೂ ಹೋಗಿ, ಪ್ರಾರ್ಥಿಸಿ, ಚಹಾ ಕುಡಿದು ಬರುವುದು ಅಲ್ಲಿನ ಪದ್ಧತಿ. ಹೋಗಿ ಬಂದ ಮೇಲೆ ಸಭೆಯ ದಫ್ತರದಲ್ಲಿ ಆ ಕುಟುಂಬದ ಮುಂದೆ ಒಂದು ಗುರುತು ಬೀಳುತ್ತದೆ. ದಫ್ತರ ಇರುವುದು ಮನೆ ಯಜಮಾನರ ಹೆಸರಿನಲ್ಲಿ. ಒಬ್ಬರೇ ಇರುವವರಿಗೆ ಅದರಲ್ಲಿ ಸ್ವಂತ ಸಾಲು ಇರಲಿಲ್ಲ. ಅಣ್ಣ, ಅಳಿಯ, ಚಿಕ್ಕಪ್ಪ ಹೀಗೆ ಹತ್ತಿರದ ಸಂಬಂಧಿಕರ ಕುಟುಂಬದ ಕೆಳಗೆ ಅವರ ಹೆಸರನ್ನು ಸೇರಿಸಲಾಗುತ್ತಿತ್ತು.

ಸಿದ್ದಕ್ಕ ಎಂಬುವರ ಹೆಸರು ಟಿ. ದಾಸರಹಳ್ಳಿಯಲ್ಲಿದ್ದ ಅವರ ಅಣ್ಣ ಇರಣ್ಣ ಅವರ ಕುಟುಂಬದ ಕೆಳಗಿತ್ತು. ಅವರು ಬೋಲ್ಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದ ಅವಿವಾಹಿತೆ. 2011ರಿಂದಲೇ ಬಾಗಲಗುಂಟೆಯ ಒಂದು ಬಾಡಿಗೆ ಕೊಠಡಿಯಲ್ಲಿ ಬೇರೆ ವಾಸವಾಗಿದ್ದರು. ಭಾನುವಾರದ ಆರಾಧನೆ ಮುಗಿದು ಬಾಗಿಲಲ್ಲಿ ಪಾಲಕರು ಎಲ್ಲರ ಕೈ ಕುಲುಕುವಾಗ ಅವರು ಒಂದೇ ಮಾತು ಹೇಳುತ್ತಿದ್ದರಂತೆ: “ಪಾಸ್ಟರ್, ಈ ಸಲ ನಮ್ಮ ಖೋಲಿಗೂ ಬರ್ರಿ. ಚಹಾ ಮಾಡತೀನಿ.”

“ಬರ್ತೀನಿ ತಂಗಿ” ಎಂದು ಸಿದ್ರಾಮ ಅವರು ಹೇಳುತ್ತಿದ್ದರು. ಭೇಟಿಯ ಸರದಿ ಬಂದಾಗ ದಫ್ತರದಲ್ಲಿದ್ದಂತೆ ಅಣ್ಣನ ಮನೆಗೆ ಹೋಗುತ್ತಿದ್ದರು. ಸಿದ್ದಕ್ಕನ ಕೊಠಡಿ ಎಲ್ಲಿ ಎಂದು ಒಮ್ಮೆ ಅಲ್ಲಿ ಕೇಳಿದ್ದೂ ಉಂಟು. ಇರಣ್ಣ ಅವರ ಪತ್ನಿ ನಕ್ಕು, “ಅಕಿ ಖೋಲ್ಯಾಗ ಏನದ ಪಾಸ್ಟರ್? ಒಂದು ಚಾಪಿ, ಒಂದು ಸ್ಟೋವು. ಇಲ್ಲೇ ಕೂಡ್ರಿ. ಅಕಿ ಹೆಸರೂ ಇಲ್ಲೇ ಅದ, ಪ್ರಾರ್ಥನಿ ಇಲ್ಲಿಂದನೇ ಮುಟ್ತದ” ಎಂದರು. ಎಲ್ಲರೂ ನಕ್ಕರು. ಪಾಲಕರೂ ನಕ್ಕರು. ದಫ್ತರದಲ್ಲಿ ಗುರುತು ಬಿತ್ತು. 2012ರಿಂದ 2015ರವರೆಗೆ ಅಂಥ ಗುರುತುಗಳು ನಾಲ್ಕು.

2016ರ ಮಾರ್ಚ್‌ನ ಒಂದು ಬುಧವಾರ ಸಿದ್ದಕ್ಕ ತಮ್ಮ ಕೊಠಡಿಯಲ್ಲಿ ಸತ್ತು ಬಿದ್ದಿದ್ದು ತಿಳಿಯಿತು. ಸೋಮವಾರದಿಂದ ಕೆಲಸಕ್ಕೆ ಬಂದಿಲ್ಲವೆಂದು ಜೊತೆಯ ಕೆಲಸಗಾರ್ತಿಯೊಬ್ಬರು ಹುಡುಕಿಕೊಂಡು ಹೋಗಿದ್ದರು. ಕಾರಣ ಹೃದಯಾಘಾತ, ವಯಸ್ಸು ನಲವತ್ತಾರು. ನಾನಾಗ ಪತ್ರಿಕೆಯಲ್ಲಿ ಅಪರಾಧ ಸುದ್ದಿಗಳನ್ನು ನೋಡುತ್ತಿದ್ದೆ. ನಾಲ್ಕು ಸಾಲಿನ ಸುದ್ದಿ ಬರೆದವನು ನಾನೇ.

ಎರಡು ದಿನಗಳ ಬಳಿಕ ಸಿದ್ರಾಮ ಅವರು ಆ ಸುದ್ದಿಯ ತುಣುಕು ಹಿಡಿದು ನಮ್ಮ ಕಚೇರಿಗೆ ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು.

“ವಿಳಾಸ ತಪ್ಪದ ರೀ. ದಾಸರಹಳ್ಳಿ ನಿವಾಸಿ ಅಂತ ಹಾಕೀರಿ. ಅಕಿ ಅಲ್ಲಿ ಇದ್ದಿಲ್ಲ.”

“ಅವರಣ್ಣ ಪೊಲೀಸ್‌ಗೆ ಹಾಗೇ ಬರೆಸಿದಾರೆ ಸಾರ್. ನಾವು ಅದನ್ನೇ ತಗೊಂಡಿದೀವಿ.”

“ನಾನೂ ಅದನ್ನೇ ತಗೊಂಡೀನಿ,” ಎಂದು ಅವರು ಚೀಲದಿಂದ ದಫ್ತರ ತೆಗೆದು ನಾಲ್ಕು ಗುರುತುಗಳನ್ನು ತೋರಿಸಿದರು. “ನಿಮ್ಮದು ಒಂದು ಸಲದ ತಪ್ಪು. ನಂದು ನಾಕು ಸಲದ್ದು.”

ಮರುದಿನ ಐದನೇ ಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಪ್ರಕಟವಾಯಿತು. ಸಿದ್ರಾಮ ಅವರು ಕೊನೆಗಾಲದಲ್ಲಿ ಸಿದ್ದಕ್ಕನ ಪಕ್ಕದಲ್ಲಿದ್ದರು ಎಂಬ ಮಾತು ಸಭೆಯ ಕೆಲವರಲ್ಲಿ ಈಗಲೂ ಇದೆ. ಅದು ನಿಜವಲ್ಲ. ಅವರು ಆ ಕೊಠಡಿಯೊಳಗೆ ಮೊದಲ ಬಾರಿ ಕಾಲಿಟ್ಟಿದ್ದು ಶವ ಸಾಗಿಸಿದ ಮೇಲೆ. ಒಳಗೆ ಚಾಪೆ ಮತ್ತು ಸ್ಟೋವಿನ ಜೊತೆಗೆ, ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚದ ಒಂದು ಕುರ್ಚಿ ಇತ್ತು. ಯಾರಿಗಾಗಿ ತಂದಿದ್ದರೆಂದು ಅವರು ಯಾರನ್ನೂ ಕೇಳಲಿಲ್ಲ. ಬೇಡವೆಂದು ಇರಣ್ಣ ಬಿಟ್ಟುಹೋದ ಆ ಕುರ್ಚಿಯನ್ನು ಸಭೆಯ ಕಚೇರಿಗೆ ತಂದಿರಿಸಿದರು.

ನಮ್ಮ ಪತ್ರಿಕೆಯ ಪುರವಣಿಗೆ ಅಂಕಣ ಬರೆಯಿರಿ ಎಂದು ನಾನು ಕೇಳಿದಾಗ “ಸತ್ತ ಮ್ಯಾಲ ಬರದು ಏನ್ಮಾಡೂದ್ರಿ?” ಎಂದವರು, ಜೂನ್‌ನಲ್ಲಿ ಮೊದಲ ಕಂತು ಕಳುಹಿಸಿದರು. ಅದರಲ್ಲಿ ಸಾಂತ್ವನದ ಒಂದು ಮಾತೂ ಇರಲಿಲ್ಲ. ಆ ನಾಲ್ಕು ಗುರುತುಗಳ ಕಥೆಯಷ್ಟೇ ಇತ್ತು. ಪತ್ರಿಕೆಗೆ ಬಂದ ಓಲೆಗಳು ಇನ್ನೂರಕ್ಕೂ ಹೆಚ್ಚು. ಅದೇ ತಿಂಗಳು ಅವರು ದಫ್ತರದ ಹಿಂದಿನ ಪುಟಗಳಲ್ಲಿ ಹೊಸ ಪಟ್ಟಿ ಆರಂಭಿಸಿದರು. ಒಬ್ಬರೇ ಇರುವ ಪ್ರತಿಯೊಬ್ಬರಿಗೂ ಒಂದು ಸಾಲು, ಅವರದೇ ವಿಳಾಸ. ನಿವೃತ್ತಿಯ ದಿನ ಆ ಪಟ್ಟಿಯಲ್ಲಿ 63 ಹೆಸರುಗಳಿದ್ದವು. ವರ್ಷಕ್ಕೊಂದು ಭೇಟಿ ಸಾಲದೆಂದು ಅಂಥವರಿಗೆ ಎರಡು ಭೇಟಿ ಗೊತ್ತುಮಾಡಿದರು.

ಅವರ ಉಪಕಾರಗಳನ್ನು ಪಟ್ಟಿ ಮಾಡಿದರೆ ಅವರಿಗೆ ಹಿಡಿಸದು. ಒಂದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ಅಲ್ಲಿ ನಾನಿದ್ದೆ. ಲೇತ್ ಆಪರೇಟರ್ ಹನುಮೇಶ ಅವರಿಗೆ ದಾಸರಹಳ್ಳಿಯಲ್ಲಿ ಯಾರೂ ಮನೆ ಕೊಡುತ್ತಿರಲಿಲ್ಲ. ಸಿದ್ರಾಮ ಅವರು ತಾವೇ ಜೊತೆಗೆ ಹೋದರು. ಮನೆಯ ಒಡೆಯ ಗೋಪಾಲಪ್ಪ ಗೇಟಿನಲ್ಲೇ ನಿಂತು, “ಬ್ಯಾಚುಲರ್ಸ್‌ಗೆ ಕೊಡಲ್ಲ ಸಾರ್. ಗಲಾಟೆ ಮಾಡ್ತಾರೆ” ಎಂದರು.

“ಐವತ್ತೆರಡು ವರ್ಷ ಆತ್ರಿ ಅವಗ. ಈಗೇನಾರ ಗಲಾಟಿ ಮಾಡಿದ್ರ ನಾನೇ ಬಂದು ಚಪ್ಪಾಳಿ ಹೊಡೀತೀನಿ.”

ಗೋಪಾಲಪ್ಪ ನಕ್ಕು ಬೀಗದ ಕೈ ತಂದರು. ಹನುಮೇಶ ಇಂದಿಗೂ ಅಲ್ಲೇ ಇದ್ದಾರೆ, ಗಲಾಟೆಯ ವರದಿಯಿಲ್ಲ.

2019ರ ಆಗಸ್ಟ್‌ನಲ್ಲಿ ಶೈಲಾ ಅವರು ತೀರಿಕೊಂಡರು. ಮಕ್ಕಳಿರಲಿಲ್ಲ. ಒಂದು ತಿಂಗಳ ಬಳಿಕ ಬಂದ ಕಂತನ್ನು ನಾನು ಎರಡು ಬಾರಿ ಓದಿದೆ. “ಒಬ್ಬರೇ ಇದ್ದರೂ ಸಂಜೆ ಬಿಸಿ ಅಡುಗೆ ಮಾಡಿಕೊಂಡು ಊಟ ಮಾಡಿ ಎಂದು ಹಿಂದೆ ಬರೆದಿದ್ದೆ. ಒಬ್ಬರಿಗಾಗಿ ಒಲೆ ಹಚ್ಚುವುದು ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಪ್ರಾರ್ಥನೆಯಿಂದ ಮನೆ ತುಂಬುತ್ತದೆ ಎಂದೂ ಬರೆದಿದ್ದೆ. ತುಂಬುವುದಿಲ್ಲ. ಓದುಗರು ತಿದ್ದಿಕೊಳ್ಳಬೇಕು.” ತಮ್ಮ ಉಪದೇಶಕ್ಕೆ ತಾವೇ ತಿದ್ದುಪಡಿ ಪ್ರಕಟಿಸಿದ ಇನ್ನೊಬ್ಬ ಧರ್ಮಗುರುವನ್ನು ಮೂವತ್ತೊಂದು ವರ್ಷಗಳ ಪತ್ರಿಕಾ ವೃತ್ತಿಯಲ್ಲಿ ನಾನು ಕಂಡಿಲ್ಲ. 2023ರ ಡಿಸೆಂಬರ್‌ನಲ್ಲಿ ಪುರವಣಿಯೇ ನಿಂತು ಅಂಕಣವೂ ನಿಂತಿತು.

ನಿವೃತ್ತರಾದ ಪಾಲಕರು ಸಭೆಯ ವಸತಿಯನ್ನು ಬಿಡಬೇಕು. ತಂಗಿ ಚನ್ನಬಸಮ್ಮ ಅವರ ಮನೆಯಿರುವ ಚಂದಾಪುರದಲ್ಲಿ ಸಿದ್ರಾಮ ಅವರು ಒಂದು ಕೊಠಡಿ ಹಿಡಿದರು. ಬಾಗಲಗುಂಟೆಯ 63 ಸಾಲುಗಳಲ್ಲಿ ಆ ಬಳಿಕದ ಆರು ತಿಂಗಳಲ್ಲಿ ಗುರುತು ಬಿದ್ದಿರುವುದು ಹನ್ನೊಂದಕ್ಕೆ. ಹೊಸ ಪಾಲಕರ ಮೇಲೆ ಇನ್ನೆರಡು ಸಭೆಗಳ ಹೊಣೆಯಿದೆ, ಅವರನ್ನು ದೂರುವಂತಿಲ್ಲ.

ಈ ಗ್ರಂಥದ ಕೊನೆಯಲ್ಲಿ ಕೊಡಲು ಸಿದ್ರಾಮ ಅವರ ವಿಳಾಸವನ್ನು ಖಚಿತಪಡಿಸಿಕೊಳ್ಳಬೇಕಿತ್ತು. ಚಂದಾಪುರದ ಸಭೆಗೆ ಫೋನ್ ಮಾಡಿದೆ. ಕಾರ್ಯದರ್ಶಿ ದಫ್ತರ ನೋಡಿ, “ಇದಾರೆ ಸಾರ್, ಚನ್ನಬಸಮ್ಮನವರ ಫ್ಯಾಮಿಲಿ ಕೆಳಗೆ. ಹೋದ ತಿಂಗಳೇ ವಿಸಿಟ್ ಆಗಿದೆ, ಟಿಕ್ ಇದೆ” ಎಂದರು.

ತಂಗಿಯ ಮನೆ ಮುಖ್ಯರಸ್ತೆಯಲ್ಲಿದೆ. ಅಣ್ಣನ ಕೊಠಡಿ ಮೂರು ಬೀದಿ ಆಚೆ. ನಾನು ಸಿದ್ರಾಮ ಅವರಿಗೆ ಫೋನ್ ಮಾಡಿ ಯಾರಾದರೂ ಬಂದಿದ್ದರೇ ಎಂದು ಕೇಳಿದೆ.

“ಇಲ್ಲ,” ಎಂದರು. “ಭಾನುವಾರ ಬಾಗಿಲದಾಗ ಪಾಸ್ಟರಿಗೆ ಹೇಳೀನ್ರಿ, ನಮ್ಮ ಖೋಲಿಗೂ ಬರ್ರಿ ಅಂತ. ಬರ್ತೀನಿ ಅಂದಾರ.”

“ದಫ್ತರದಲ್ಲಿ ತಪ್ಪಾಗಿದೆ ಅಂತ ನೀವೇ ಹೇಳಬಹುದಲ್ಲ ಸಾರ್?”

“ನಾನು ಹೆಂಗ ಹೇಳ್ಲಿ? ಸಿದ್ದಕ್ಕ ನನಗ ಹೇಳಿದ್ದೂ ಇಷ್ಟೇ ಅಲ್ಲೇನು.”

ತಿದ್ದುವಂತೆ ಕಾರ್ಯದರ್ಶಿಗೆ ನಾನು ಪತ್ರ ಬರೆದಿದ್ದೇನೆ. ಈ ಪುಟ ಅಚ್ಚಿಗೆ ಹೋಗುವವರೆಗೆ ತಿದ್ದಿಲ್ಲ.

ಒಬ್ಬರೇ ಇರುವವರಿಗೆ ದೀರ್ಘಾಯುಷ್ಯ ಹಾರೈಸಿದವರು ಅವರ ಮನೆಗೂ ಒಮ್ಮೆ ಹೋಗಬೇಕು, ಇಲ್ಲದಿದ್ದರೆ ಹಾರೈಸಬಾರದು ಎಂದು ಸಿದ್ರಾಮ ಅವರೇ 112ನೇ ಕಂತಿನಲ್ಲಿ ಬರೆದಿದ್ದಾರೆ. ಆ ಷರತ್ತಿಗೆ ಒಪ್ಪಿಯೇ ನಾನು ಅವರಿಗೆ ದೀರ್ಘಾಯುಷ್ಯವನ್ನು ಹಾರೈಸುತ್ತೇನೆ. ನಿಂತ ಅಂಕಣವನ್ನು ಅವರು ಎಲ್ಲಾದರೂ ಮುಂದುವರಿಸಲಿ ಎಂದು ಬೇಡುತ್ತೇನೆ. ಕಳೆದ ಶನಿವಾರ ಅವರ ಕೊಠಡಿಗೆ ಹೋಗಿಯೂ ಬಂದೆ. ಗ್ರಂಥದ ಕೊನೆಯಲ್ಲಿರುವ ವಿಳಾಸ ನಾನು ಕಣ್ಣಾರೆ ನೋಡಿ ಬರೆದದ್ದು: ಮೊದಲ ಮಹಡಿ, ಮೆಟ್ಟಿಲ ಎಡಕ್ಕಿರುವ ಹಸಿರು ಬಾಗಿಲು. ಒಳಗೆ ಮಂಚ, ಪುಸ್ತಕಗಳು, ಸ್ಟೋವು ಮತ್ತು ಬಾಗಲಗುಂಟೆಯಿಂದ ತಂದ ಆ ಕುರ್ಚಿ ಇವೆ. ಒಂಬತ್ತು ವರ್ಷ ಹಾಗೇ ಇದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಅವರು ಈಗ ತೆಗೆದಿದ್ದಾರೆ. ಬಂದವರು ಕೂರಲಿ ಎಂದು.