ಗಣಪತಿಗೆ ನಾನು ಬಳಿದ ಬಣ್ಣ

ತೀರಿಕೊಂಡ ಅಪ್ಪನ ಕಪಾಟಿನಲ್ಲಿ ಇವತ್ತು ಸಿಕ್ಕ ಕಾಗದದ ಪೊಟ್ಟಣ ಬಿಚ್ಚಿದವಳು ಅಲ್ಲೇ ನೆಲದ ಮೇಲೆ ಕೂತೆ.

ನಾನು ಚಿಕ್ಕವಳಿದ್ದಾಗ ನಾವು ವಿಮಾನಪುರದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದೆವು. ಶಿಫ್ಟ್ ಮುಗಿಸಿ ಬಂದ ಅಪ್ಪ ಮನೆಮನೆಗೂ ಹೋಗಿ, “ಈ ಸಲ ಬಣ್ಣ ಇಲ್ದಿರೋ ಮಣ್ಣಿನ ಗಣಪತಿ ತನ್ನಿ ಸಾರ್, ಹಲಸೂರು ಕೆರೇಲಿ ಮೀನು ಸಾಯ್ತವೆ” ಎಂದು ಕೈಮುಗಿಯುತ್ತಿದ್ದರು. ಬೀದಿಯವರೆಲ್ಲ ಒಪ್ಪಿದರು. ನನಗೆ ಮಾತ್ರ ನಮ್ಮ ಗಣಪತಿ ಕಳೆಯಿಲ್ಲದೆ ಕಂಡ. ಗೇಟಿಗೆ ಬಳಿದು ಉಳಿದಿದ್ದ ಕೆಂಪು ಪೇಂಟನ್ನು ಯಾರೂ ಇಲ್ಲದಾಗ ಅವನ ಮುಖಕ್ಕೆಲ್ಲ ಬಳಿದುಬಿಟ್ಟೆ.

ಸಂಜೆ ವಿಸರ್ಜನೆಗೆಂದು ಇಡೀ ಬೀದಿ ನಮ್ಮ ಬಾಗಿಲಲ್ಲಿ ಸೇರಿತ್ತು. ಅಪ್ಪ ಆ ಕೆಂಪು ಮುಖ ನೋಡಿದವರೇ ಒಳಗೆ ಹೋಗಿ, ತಮ್ಮ ಶೇವಿಂಗ್ ಬ್ಲೇಡ್ ತಂದು ಗಣಪತಿಯ ಮುಖ ಹೆರೆಯತೊಡಗಿದರು.

“ಅಯ್ಯೋ, ದೇವರ ಮುಖಕ್ಕೆ ಬ್ಲೇಡಾ? ನಿಮಗೇನ್ರೀ ಬಂದಿದೆ!” ಅಮ್ಮ ಚೀರಿದಳು.

“ಊರೋರಿಗೆಲ್ಲ ಹೇಳಿದ್ದೀನಿ ಕಣೇ” ಎಂದರು ಅಪ್ಪ.

ಕಣ್ಣು, ಸೊಂಡಿಲು ಎಲ್ಲ ಸವೆದುಹೋದವು. ನಾನು ಬಾಗಿಲ ಹಿಂದೆ ಅಡಗಿ ನೋಡುತ್ತಿದ್ದೆ. ಬಣ್ಣ ಬಳಿದವರು ಯಾರೆಂದು ಅಪ್ಪ ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅವರಿಗೆ ಗೊತ್ತೇ ಆಗಲಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ.

ಪೊಟ್ಟಣದಲ್ಲಿ ಕೆಂಪು ಪೇಂಟಿನ ಚಕ್ಕೆಗಳಿವೆ. ಮೇಲೆ ಅಪ್ಪನ ಅಕ್ಷರ: “ಮಗಳು ಬಳಿದದ್ದು. ಮೋರಿಗೆ ಹಾಕಬಾರದು.”