ಇನ್ನೊಂದ್ಸಲ ಮೇಡಂ ಪರೀಕ್ಷೆಗೆ ಕೂರುತ್ತಾರೆ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ವಾರ್ಡಿನಲ್ಲಿ ರಕ್ತ ತೆಗೆಯುವ ಟೆಕ್ನಿಷಿಯನ್ ಅಜ್ಜರೊಬ್ಬರ ಮಂಚದ ಪಕ್ಕ ನಿಂತಿದ್ದಾರೆ. “ಹೆಸರು ಹೇಳಿ ಅಜ್ಜಾ.” ಅಜ್ಜ ಹೇಳುತ್ತಾರೆ. ರಕ್ತ ತೆಗೆದು, ಟ್ಯೂಬಿಗೆ ಚೀಟಿ ಅಂಟಿಸಿದ ಮೇಲೆ, “ಇನ್ನೊಂದ್ಸಲ ಹೇಳಿ.” ಅಜ್ಜನಿಗೆ ರೇಗುತ್ತದೆ. “ಅಷ್ಟರಲ್ಲಿ ನನ್ನ ಹೆಸರು ಬದಲಾಯ್ತೇನಮ್ಮಾ?” ವಾರ್ಡಿನವರು ಇವರನ್ನು ಕರೆಯುವುದೇ ‘ಇನ್ನೊಂದ್ಸಲ ಮೇಡಂ’ ಎಂದು.

ದಿನಕ್ಕೆ ಅರವತ್ತು ಮಂದಿಯ ರಕ್ತ ತೆಗೆಯುವ ಈ ಕೈಗೆ ಈಗ ಎಂ.ಎಸ್ಸಿ. ಓದುವ ಆಸೆ. ಪ್ರವೇಶ ಪರೀಕ್ಷೆ ಮುಂದಿನ ತಿಂಗಳು. ಸೀಟು ಸಿಕ್ಕರೆ ಆಸ್ಪತ್ರೆ ರಜೆ ಕೊಡುತ್ತದೆ. ಆದರೆ ಆ ಸವಲತ್ತಿನ ವಯೋಮಿತಿ ಇವರಿಗೆ ಈ ವರ್ಷಕ್ಕೆ ಮುಗಿಯುತ್ತದೆ.

ಓದುವುದು ಹೇಗೆ? ಕೋಚಿಂಗ್ ಸೇರು ಎಂದು ಇವರ ಅಕ್ಕ ದುಂಬಾಲು ಬಿದ್ದರು. ಸೇರಿದ್ದೂ ಆಯಿತು. “ಡ್ಯೂಟಿ ಮುಗಿಸಿ ಕೂತ್ರೆ ಮೇಷ್ಟ್ರ ಮಾತು ಜೋಗುಳದ ಹಾಗಿರ್ತಿತ್ತು. ಅದೂ ಗೊತ್ತಿರೋದನ್ನೇ ಹೇಳೋರು.” ಗೊತ್ತಿದ್ದರೆ ಅಲ್ಲಿನ ಮಾದರಿ ಪರೀಕ್ಷೆಗಳಲ್ಲಿ ಅಂಕ ಯಾಕೆ ಬರುತ್ತಿಲ್ಲ? ಇವರ ಬಗ್ಗೆ ಬರೆಯಲು ಹೊರಟ ನನಗೂ ಕೆಟ್ಟ ಕುತೂಹಲ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ನಮ್ಮೆದುರೇ ಬಿಡಿಸಿ ಎಂದೆ. ಅಕ್ಕ ಗಡಿಯಾರ ಹಿಡಿದು ಕೂತರು. ಪ್ರತಿ ಉತ್ತರಕ್ಕೆ ಗುರುತು ಹಾಕಿದ ಮೇಲೂ ಇವರ ಬೆರಳು ಮತ್ತೆ ಪ್ರಶ್ನೆಯ ಮೊದಲ ಪದಕ್ಕೇ ಹೋಗುತ್ತಿತ್ತು. ಸಮಯ ಮುಗಿದಾಗ ಬರೆದದ್ದೆಲ್ಲ ಸರಿ. ಕೊನೆಯ ಎರಡು ಪುಟ ಮುಟ್ಟಿಯೇ ಇರಲಿಲ್ಲ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಅಯ್ಯೋ, ಇಲ್ಲೂ ಇನ್ನೊಂದ್ಸಲನೇನೇ?”

ಕೋಚಿಂಗ್ ಬಿಟ್ಟರು. ಡ್ಯೂಟಿಗೆ ಹೊರಡುವ ಮೊದಲು ದಿನಾ, ಹಿಂತಿರುಗಿ ನೋಡದೆ ಉತ್ತರ ಬರೆಯುವ ಅಭ್ಯಾಸ ಶುರುವಾಯಿತು. ಮೂರೇ ವಾರದಲ್ಲಿ ಕೊನೆಯ ಪುಟ ತಲುಪಿದರು. ಇನ್ನೇನು ಸೀಟು ಸಿಕ್ಕೇಬಿಟ್ಟಿತು ಎಂದು ಅಕ್ಕ ಹಿರಿಹಿರಿ ಹಿಗ್ಗಿದರು.

ಹೋದ ವಾರ ಬಾಣಂತಿಯೊಬ್ಬರ ರಕ್ತ ತೆಗೆದ ಇವರು, ಎರಡನೇ ಸಲ ಹೆಸರು ಕೇಳದೆ ಟ್ಯೂಬನ್ನು ಟ್ರೇಗೆ ಹಾಕಿಬಿಟ್ಟರು. “ಬಾಗಿಲವರೆಗೂ ಬಂದ್ಬಿಟ್ಟಿದ್ದೆ. ಎದೆ ಧಸಕ್ಕಂತು. ವಾಪಸ್ ಹೋಗಿ ಕೇಳ್ದೆ. ಹೆಸರು ಸರಿಯಾಗೇ ಇತ್ತು. ಆದ್ರೂ ಟ್ರೇಲಿದ್ದ ಟ್ಯೂಬೆಲ್ಲಾ ಇನ್ನೊಂದ್ಸಲ ನೋಡ್ದೆ.”

ಹಿಂತಿರುಗಿ ನೋಡದ ಆ ಅಭ್ಯಾಸ ಡ್ಯೂಟಿಗೆ ಅಂಟದಿರಲಿ ಎಂದು ಈಗ ರಜೆಯ ದಿನ ಮಾತ್ರ. ಅಂದರೆ ವಾರಕ್ಕೊಮ್ಮೆ. “ಪರೀಕ್ಷೆ ತಲೆ ಮೇಲೆ ಕೂತಿದೆ, ಇವಳಿಗೆ ಈಗ ಈ ಬುದ್ಧಿ,” ಎಂದು ಅಕ್ಕನ ಗೊಣಗಾಟ. ಸೀಟು ತಪ್ಪಿದರೆ ಎಂದು ಕೇಳಿಯೇಬಿಟ್ಟೆ.

“ಅಳ್ತೀನಿ,” ಎನ್ನುತ್ತಾರೆ ಟ್ರೇ ಎತ್ತಿಕೊಳ್ಳುತ್ತ. “ಮನೆಗೆ ಹೋಗಿ ಚೆನ್ನಾಗಿ ಅಳ್ತೀನಿ. ಆದ್ರೆ ಒಬ್ಬರ ರಕ್ತ ಇನ್ನೊಬ್ಬರ ಹೆಸರಲ್ಲಿ ಹೋದ್ರೆ, ಅಳೋರು ಬೇರೆ ಯಾರೋ ಆಗಿರ್ತಾರೆ.”