ಅಪ್ಪ ಬಳಿದ ಗೋಡೆ

“ಸುಣ್ಣ ಬಳಿಯುವವನ ಮಗಳು ಡಿಗ್ರಿ ಮಾಡುವುದುಂಟಾ? ಆಗುವ ಹೋಗುವ ಮಾತಲ್ಲ ಭಾವ,” ಎಂದು ಅಪ್ಪನೆದುರೇ ನಕ್ಕವನು ನನ್ನ ಸೋದರಮಾವ. ಆ ಹಟಕ್ಕೇ ಕಾಸರಗೋಡಿನಿಂದ ದೂರದ ಕಳಮಶ್ಶೇರಿಗೆ ಬಂದು ಒಳಾಂಗಣ ವಿನ್ಯಾಸ ಓದಿದೆ.

ಕೊನೆಯ ವರ್ಷ ಅಲ್ಲೇ ಹತ್ತಿರದ ಕಲೂರಿನ ಆಫೀಸೊಂದರಲ್ಲಿ ತರಬೇತಿಗಿದ್ದೆ. ಆಗ ದೊಡ್ಡ ಫ್ಲ್ಯಾಟುಗಳವರೆಲ್ಲ ಮಿರುಗುವ ಪೈಂಟ್ ಬಿಟ್ಟು ಲೈಮ್‌ವಾಶ್ ಕೇಳುತ್ತಿದ್ದರು. ಅಂದರೆ ನಮ್ಮ ಸುಣ್ಣವೇ. ಒಂದು ಫ್ಲ್ಯಾಟಿನಲ್ಲಿ ನಮ್ಮ ಕೆಲಸಗಾರರು ಬಳಿದದ್ದು ಪುಡಿಯಾಗಿ ಉದುರಿತು. ಬೇರೆ ದಾರಿ ಕಾಣದೆ ಅಪ್ಪನನ್ನು ಕರೆಸಿದೆ. ಅವರು ಸುಣ್ಣವನ್ನು ಹಳೇ ಪಂಚೆಯಲ್ಲಿ ಸೋಸಿ, ಗೋಡೆಗೆ ನೀರು ಕುಡಿಸಿ, ತೆಳ್ಳಗೆ ನಾಲ್ಕು ಸಲ ಬಳಿದರು.

ಮನೆಯೊಡತಿ ಗೋಡೆ ಸವರಿ ನೋಡಿ, “ಎಷ್ಟು ಚಂದ! ಇವರು ಯಾರು ಮಗಳೇ?” ಎಂದು ಮಲಯಾಳದಲ್ಲಿ ಕೇಳಿದರು.

“ಊರಿನ ಪೈಂಟರ್, ಚೇಚಿ,” ಎಂದು ಆ ಅಕ್ಕನಿಗೆ ಮಲಯಾಳದಲ್ಲೇ ಹೇಳಿಬಿಟ್ಟೆ.

ಅಪ್ಪನಿಗೆ ಮಲಯಾಳ ನನಗಿಂತ ಚೆನ್ನಾಗಿ ಬರುತ್ತದೆ. ಅವರು ತಲೆ ಎತ್ತದೆ ಬ್ರಷ್ ತೊಳೆಯುತ್ತಿದ್ದರು. ಊರಿಗೆ ಹೋಗುವ ರೈಲು ಹತ್ತಿಸುವವರೆಗೂ ನಾನು ಅವರ ಮುಖ ನೋಡಲಿಲ್ಲ.

ಪದವಿ ಕೊಟ್ಟ ದಿನ ಗೆಳತಿಯರಿಗೆಲ್ಲ ಕೇಳುವಂತೆ “ಇವರು ನನ್ನ ಅಪ್ಪ” ಎಂದು ಹೇಳಿ, ಸರ್ಟಿಫಿಕೇಟನ್ನು ಅವರ ಕೈಗಿಟ್ಟೆ. ಅವರು ಮೊದಲು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡರು.

“ಸುಣ್ಣ ಬಳಿಯುವುದನ್ನೂ ಕಲ್ತುಕೋ ಮಗಾ,” ಎಂದರು ಮೆಲ್ಲಗೆ. “ಮತ್ತೆ ನನ್ನನ್ನು ಕರೆಸಿ ಯಾರ ಹತ್ರವೂ ಸುಳ್ಳು ಹೇಳ್ಬೇಕಂತಿಲ್ಲ.”